ಎರಿ ಬಯಲಿನ ಒಂಟಿ ಸೈಕಲ್ಲು

“ತಮ್ಮಾ, ನೀ ಸೈಕಲ್ ಹೊಡದಾಂವ ಇದ್ದಿ. ನಮ್ಮ ಹುಡುಗಿಗೆ ನೀನರ ನಾಕು ಮಾತು ಹೇಳು,” ಅಂದರು ಬಾಜೂ ಮನೆಯ ಕಾಕಾ, ಕಾಂಪೌಂಡಿನ ಮೇಲೆ ಎರಡೂ ಮೊಳಕೈ ಊರಿ. ಹುಡುಗಿ ಅಂದರೆ ಅವರ ಮೊಮ್ಮಗಳು. ಕಾಲೇಜು ಮುಗಿಸಿದ್ದಾಳೆ. ಬರುವ ಡಿಸೆಂಬರಿನಲ್ಲಿ ನಮ್ಮ ವಿಜಯಪುರದಿಂದ ಬೀದರಿಗೆ ಒಬ್ಬಳೇ ಸೈಕಲ್ ಮೇಲೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್, ಬೀದರ್. ಮುನ್ನೂರು ಕಿಲೋಮೀಟರಿಗೆ ತುಸು ಕಡಿಮೆ.

“ಹೋಗಲಿ ಬಿಡ್ರಿ ಕಾಕಾ,” ಅಂದೆ.

“ಹೋಗಲಿ ಅಂದ್ರ ಹೆಂಗಪಾ? ಗಿಡಾ ಇಲ್ಲ, ನೆಳ್ಳ ಇಲ್ಲ. ಬರೇ ಬಯಲು. ಅದೂ ಒಬ್ಬಾಕಿನ. ಹೋಗೂದಿದ್ರ ಮಡಿಕೇರಿಗೆ ಹೋಗಲಿ, ಆಗುಂಬಿಗೆ ಹೋಗಲಿ. ನೋಡಾಕರ ಏನರ ಇರತೈತಿ.”

ಅಲ್ಲಿಂದ ಶುರುವಾದ ಮಾತು ದೀಪ ಹಚ್ಚುವ ಹೊತ್ತು ದಾಟಿದರೂ ಮುಗಿಯಲಿಲ್ಲ. ಕಾಕಾ ಅಂದದ್ದು ನಾಡಿನ ಬಹಳ ಜನರ ಮಾತೇ. ಸೈಕಲ್ ಪ್ರವಾಸ ಅಂದರೆ ಘಟ್ಟ, ಕಾಡು, ಕಡಲು. ಬೆಂಗಳೂರಿನ ಹುಡುಗರು ವಾರದ ರಜೆಯಲ್ಲಿ ಸೈಕಲ್ ಕಟ್ಟಿಕೊಂಡು ಹೋಗುವುದು ಮಲೆನಾಡಿಗೆ. ವಿಜಯಪುರದ ಬಯಲಿಗೆ ಯಾರೂ ಬರುವುದಿಲ್ಲ. ಬಂದವರೂ ಗೋಳಗುಮ್ಮಟ ನೋಡಿ, ಪಿಸುಮಾತು ಕೇಳಿಸಿಕೊಂಡು, ಸಂಜೆಯ ಗಾಡಿಗೆ ಹೊರಟುಬಿಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಒಬ್ಬಂಟಿಯಾಗಿ ದೂರ ತುಳಿಯುವವನಿಗೆ ಬಯಲಿಗಿಂತ ದೊಡ್ಡ ದಾರಿ ಇಲ್ಲ ಅನ್ನುವುದು ನನ್ನ ಖಂಡಿತವಾದ ನಂಬಿಕೆ. ಘಟ್ಟದಲ್ಲಿ ಮುಂದಿನ ತಿರುವು ಮಾತ್ರ ಕಾಣುತ್ತದೆ. ಬಯಲಿನಲ್ಲಿ ನಾಳೆ ಹೋಗುವ ಊರಿನ ದಿನ್ನೆಯೂ ಇವತ್ತೇ ಕಾಣುತ್ತದೆ, ಹಿಂದೆ ಬಿಟ್ಟು ಬಂದ ಊರೂ ಕಾಣುತ್ತದೆ. ನಡುವೆ ಇರುವುದೆಲ್ಲ ನಿನ್ನ ಕಾಲಿನ ಲೆಕ್ಕ.

“ಅಮೇರಿಕಾದಾಗೂ ಇಂಥಾದ ಬಯಲು ಐತ್ರಿ ಕಾಕಾ. ಪ್ರೇರಿ ಅಂತಾರ. ನೂರಾ ನಲವತ್ತು ವರ್ಷದ ಹಿಂದ ಒಬ್ಬಾಂವ ಅದನ್ನ ಸೈಕಲ್ ಮ್ಯಾಲ ದಾಟ್ಯಾನ.”

ಥಾಮಸ್ ಸ್ಟೀವನ್ಸ್ ಅಂತ ಅವನ ಹೆಸರು. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ. ಅವನದು ಮುಂದೆ ಎದೆಯೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿಯ ಹಳೆಯ ಕಾಲದ ಸೈಕಲ್. ಗಾಳಿ ತುಂಬುವ ಟಯರು ಇನ್ನೂ ಬಂದಿರಲಿಲ್ಲ. ಸಾಮಾನು ಅಂದರೆ ಕಾಲುಚೀಲ, ಬದಲಿಗೊಂದು ಅಂಗಿ, ಗುಡಾರಕ್ಕೂ ಹಾಸಿಗೆಗೂ ಆಗುವ ಒಂದು ರೇನ್‌ಕೋಟು, ಒಂದು ರಿವಾಲ್ವರ್. ದಾರಿಯೇ ಇಲ್ಲದ ಕಡೆ ಸೈಕಲ್ ನೂಕಿಕೊಂಡು ನಡೆದ. ಒಟ್ಟು ದೂರದ ಮೂರನೇ ಒಂದು ಪಾಲಿಗಿಂತ ಹೆಚ್ಚು ನಡೆದೇ ಸಾಗಿದ. ನೆಬ್ರಾಸ್ಕಾದ ಬಯಲು ದಾಟಿ ಆಗಸ್ಟ್ 4ಕ್ಕೆ ಬಾಸ್ಟನ್ ಮುಟ್ಟಿದ. ಅಷ್ಟಕ್ಕೇ ನಿಲ್ಲಲಿಲ್ಲ. ಯುರೋಪು, ಪರ್ಷಿಯಾ ದಾಟಿ 1886ರಲ್ಲಿ ನಮ್ಮ ದೇಶಕ್ಕೂ ಬಂದು, ಲಾಹೋರಿನಿಂದ ಕಲ್ಕತ್ತಾದವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆ ತುಳಿದ.

“ಅಂವಾ ಗಂಡಸು,” ಅಂದರು ಕಾಕಾ.

“ಪುಣೆದ ಹುಡುಗಿ ವೇದಾಂಗಿ ಕುಲಕರ್ಣಿ, ಗೊತ್ತೇನ್ರಿ?” 2018ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಟ ಈ ಹುಡುಗಿ 159 ದಿನಗಳಲ್ಲಿ ಸುಮಾರು 29,000 ಕಿಲೋಮೀಟರ್ ತುಳಿದು ಜಗತ್ತು ಸುತ್ತಿದಳು. ದಾರಿಯ ಬಹುಭಾಗ ಒಬ್ಬಳೇ. ಕೆನಡಾದಲ್ಲಿ ಕರಡಿ ಬೆನ್ನು ಹತ್ತಿತು, ಸ್ಪೇನಿನಲ್ಲಿ ಚಾಕು ತೋರಿಸಿ ದೋಚಿದರು. ಆದರೂ ಕೋಲ್ಕತ್ತಾಕ್ಕೆ ಬಂದು ಮುಗಿಸಿದಳು. ಆಗ ಅವಳಿಗೆ 20 ವರ್ಷ. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕರಡಿಯ ಸಂಗತಿ ಹೇಳಬಾರದಿತ್ತೇನೋ, ಆದರೆ ಮುಚ್ಚಿಟ್ಟು ಹೇಳಿದರೆ ಅದು ಧೈರ್ಯ ತುಂಬಿದಂತಾಗುವುದಿಲ್ಲ.

ಹಾಗೆ ನೋಡಿದರೆ ಸೈಕಲ್ ನಮ್ಮೂರಿಗೆ ಹೊಸದಲ್ಲ. ವಿಜಯಪುರದ ಸೈಕ್ಲಿಂಗ್ ಕ್ರೀಡಾ ನಿಲಯದಿಂದ ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದವರು ಎಷ್ಟೋ ಜನ, ಹೆಚ್ಚಿನವರು ರೈತರ ಮಕ್ಕಳು. ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಬಾಗಿ ಹೊಡೆಯುವ ಆ ಹುಡುಗ ಹುಡುಗಿಯರನ್ನು ಕಂಡಾಗ ನಾನು ಗಾಡಿ ನಿಲ್ಲಿಸಿ ನೋಡುತ್ತೇನೆ. ಅವರು ಸಾಲಾಗಿ ಹೋಗುವುದಕ್ಕೆ ಕಾರಣ ಗಾಳಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ಮರೆಯಲ್ಲಿ ದಮ್ಮು ಉಳಿಸಿಕೊಳ್ಳುತ್ತಾನೆ. ಒಬ್ಬಂಟಿಗೆ ಆ ಮರೆ ಇಲ್ಲ.

ಬಯಲಿನಲ್ಲಿ ಏರು ಯಾವುದು ಅಂದರೆ ಗಾಳಿಯೇ ಏರು. ಜೂನ್ ಜುಲೈನಲ್ಲಿ ಇಲ್ಲಿಂದ ತೊರವಿ ದಾಟಿ ತಿಕೋಟಾದ ಕಡೆ ಸೈಕಲ್ ಹೊಡೆದು ನೋಡಬೇಕು. ಇಪ್ಪತ್ತು ಕಿಲೋಮೀಟರ್ ಅಷ್ಟೇ. ಆದರೆ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತದೆ. ಇಳಿಜಾರಿನಲ್ಲೂ ಪೆಡಲ್ ತುಳಿಯಲೇಬೇಕು, ಬಿಟ್ಟರೆ ಸೈಕಲ್ ನಿಲ್ಲುತ್ತದೆ. ಕಿವಿಯಲ್ಲಿ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸದು, ಹಿಂದಿನಿಂದ ಬರುವ ಲಾರಿಯ ಹಾರ್ನೂ ಕೇಳಿಸದು. ಅದೇ ದಾರಿಯಲ್ಲಿ ತಿಕೋಟಾದಿಂದ ಮರಳುವಾಗ ಕಾಲಿಗೆ ಕೆಲಸವೇ ಇಲ್ಲ. ಅದೇ ಗಾಳಿ ಈಗ ಬೆನ್ನಿಗೆ ಬಂದಿರುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬರುತ್ತದೆ. ಮುಂಗಾರಿನಷ್ಟು ಜೋರಿಲ್ಲ, ನಸುಕಿನಲ್ಲಿ ನಿಂತೇ ಇರುತ್ತದೆ, ಬಿಸಿಲೇರಿದ ಮೇಲೆ ಏಳುತ್ತದೆ.

ಅದಕ್ಕೇ ಹುಡುಗಿಗೆ ನಾನು ಹೇಳಿದ ಮೊದಲ ಮಾತು: “ಇಲ್ಲಿಂದ ಬೀದರಿಗೆ ಹೋಗಬ್ಯಾಡವಾ. ಸೈಕಲ್ ಬಸ್ಸಿಗೋ ರೈಲಿಗೋ ಹಾಕ್ಕೊಂಡು ಬೀದರಿಗೆ ಹೋಗು, ಅಲ್ಲಿಂದ ತುಳಕೊಂಡು ಮನಿಗೆ ಬಾ.” ಡಿಸೆಂಬರಿನ ಗಾಳಿ ಬೆನ್ನಿಗಿರುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ನೆಲದಿಂದ ಇಳಿದು, ಕಲಬುರಗಿಯ ತೊಗರಿ ಹೊಲ ಹಾಯ್ದು, ಜೇವರ್ಗಿಯ ಹತ್ತಿರ ಭೀಮೆ ದಾಟಿ, ಸಿಂದಗಿಯ ಬಿಳಿಜೋಳದ ನಡುವೆ ಬರುವಾಗ ಮಣ್ಣು ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಬಸ್ಸಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಬೀದರಿನ ಕಡೆ ಹೊಲಗಳಲ್ಲಿ ಚಿಗರಿಗಳ ಹಿಂಡುಗಳು ಮೇಯುತ್ತವೆ. ಸೈಕಲ್ಲಿಗೆ ಸದ್ದಿಲ್ಲವಲ್ಲ, ತೀರಾ ಹತ್ತಿರ ಹೋಗುವವರೆಗೂ ತಲೆ ಎತ್ತಿ ನೋಡುತ್ತ ನಿಂತಿರುತ್ತವೆ. ಕೊನೆಯ ದಿನ ಊರು ಇನ್ನೂ ದೂರ ಇರುವಾಗಲೇ ಗೋಳಗುಮ್ಮಟ ಮೇಲೇಳುತ್ತದೆ. ಕಾನ್ಸಾಸಿನ ಸವಾರರಿಗೆ ಊರು ಬಂತೆಂದು ದೂರದಿಂದಲೇ ಹೇಳುವುದು ಧಾನ್ಯ ತುಂಬುವ ಎತ್ತರದ ಕಣಜಗಳಂತೆ. ನಮಗೆ ಅದನ್ನು ಹೇಳುವುದು 1656ರ ಗುಮ್ಮಟ.

ಮಣ್ಣಿನ ಮಾತು ಬಂದಾಗ ಕಾಕಾ ತಮ್ಮ ಕಥೆ ತೆಗೆದರು. ಅವರು ಮಾಸ್ತರಾಗಿದ್ದವರು. ಸಾರವಾಡ, ಬಬಲೇಶ್ವರದ ಆಚೆ ಈಚೆ ಹಳ್ಳಿಗಳಲ್ಲಿ ನೌಕರಿ, ಸೈಕಲ್ ಮೇಲೇ ತಿರುಗಾಟ. ಆಗ ಡಾಂಬರು ಕಡಿಮೆ. ನಮ್ಮ ಡೋಣಿ ಹೊಳೆಯ ಮೇಲೆ ‘ಡೋಣಿ ಹರಿದರ ಓಣೆಲ್ಲ ಕಾಳು’ ಅಂತ ಗಾದೆ ಇದೆಯಲ್ಲ, ಆ ಕಾಳು ಕೊಡುವ ಕಪ್ಪು ಎರಿ ಮಣ್ಣು ಸೈಕಲ್ಲಿಗೆ ಮಾತ್ರ ಶತ್ರು. “ಒಂದ ಮಳಿ ಬಿತ್ತಂದ್ರ ಗಾಲಿ ತಿರಗಂಗಿಲ್ಲ. ಮಡ್‌ಗಾರ್ಡಿಗೂ ಟಯರಿಗೂ ನಡಕ ಮಣ್ಣು ಗಚ್ಚಿನಂಗ ಕೂಡತಿತ್ತು. ಬೇಲಿ ಕಟಗಿ ಮುರಕೊಂಡು ಕೆದರೂದು, ಹತ್ತು ಮಾರು ಹೋಗೂದು, ಮತ್ತ ಕೆದರೂದು. ಕಡೀಕ ಹೆಗಲಮ್ಯಾಲ ಹೊತಗೊಂಡ ಸಾಲಿಗೆ ಹೋಗೂದು.” ಹೇಳುವಾಗ ಕಾಕಾ ಎಡಗೈಯಿಂದ ಬಲ ಹೆಗಲು ಮುಟ್ಟಿ ತೋರಿಸಿದರು, ಸೈಕಲ್ಲಿನ ಡಂಡಿ ಅಲ್ಲೇ ಕೂಡುತ್ತಿತ್ತು. ಈ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುವುದೂ ಅದೇ ಗುಣದಿಂದ. ಹಿಂಗಾರಿ ಮಳೆ ನಿಂತ ಮೇಲೆ ಹೊರಡು ಅನ್ನುವುದು ಅದಕ್ಕೇ. ರಸ್ತೆ ಈಗ ಡಾಂಬರಿನದೇ, ಆದರೆ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಮಣ್ಣಿನ ಹೆಂಟೆಯನ್ನು ರಸ್ತೆಗೂ ತರುತ್ತವೆ.

ಇನ್ನೊಂದು ಶತ್ರು ನೆಗ್ಗಿಲ ಮುಳ್ಳು. ಹಳದಿ ಹೂವಿನ, ನೆಲಕ್ಕೆ ಹಬ್ಬುವ ಪುಟ್ಟ ಬಳ್ಳಿ. ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ನೀರಡಿಸಿತು ಅಂತ ಸೈಕಲ್ಲನ್ನು ರಸ್ತೆಯಿಂದ ಇಳಿಸಿ ಬದುವಿಗೆ ಒರಗಿಸಿದರೆ ಮುಗಿಯಿತು. ಇದೇ ಗಿಡ ನಮ್ಮ ಹಳೆಯ ಜಗತ್ತಿನಿಂದ ಅಮೇರಿಕಾಕ್ಕೆ ಹೋಗಿ, ಅಲ್ಲಿನ ಪಶ್ಚಿಮದ ಸೈಕಲ್ ಸವಾರರನ್ನೂ ಕಾಡುತ್ತಿದೆ. ಉಪಾಯ ಒಂದೇ: ಮಣ್ಣಿನ ಅಂಚಿನಲ್ಲಿ ಸೈಕಲ್ ನೂಕಬೇಡ, ಎತ್ತಿ ಒಯ್ಯಿ. ಎರಡು ಬದಲಿ ಟ್ಯೂಬು, ಪಂಕ್ಚರ್ ಸಾಮಾನು, ಪಂಪು ಜೊತೆಗಿರಲಿ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮೊದಲು ಟಯರಿನ ಒಳಮೈ ಮೇಲೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಯಬೇಕು. ಅವಸರ ಮಾಡಿದರೆ ಅದೇ ಮುಳ್ಳು ಹೊಸದನ್ನೂ ಚುಚ್ಚುತ್ತದೆ. ಇದನ್ನು ಹುಡುಗಿ ನಮ್ಮ ಅಂಗಳದಲ್ಲೇ ಮಾಡಿ ತೋರಿಸಿದಳು. ಕೈ ಚುರುಕಾಗಿದೆ.

“ಊಟಾ?” ಅಂತ ಒಳಗಿನಿಂದ ಕಾಕು ಕೇಳಿದರು. ಅವರು ಅಲ್ಲಿಯವರೆಗೆ ಮಾತಾಡಿರಲಿಲ್ಲ, ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಊಟದ ವಿಷಯದಲ್ಲಿ ನಮ್ಮ ಸೀಮೆಯಷ್ಟು ಅನುಕೂಲ ಇನ್ನೆಲ್ಲಿದೆ? ಪೇಟೆಯಲ್ಲಿ ನೂರಾರು ರೂಪಾಯಿ ಕೊಟ್ಟು ಶಕ್ತಿಯ ಬಾರ್ ಅಂತ ಕೊಳ್ಳುತ್ತಾರೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ವಾರಗಟ್ಟಲೆ ಕೆಡುವುದಿಲ್ಲ, ಭಾರವೂ ಇಲ್ಲ, ದೂರ ತುಳಿಯುವ ಕಾಲಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಇಂಡಿಯ ಲಿಂಬೆ, ಉಪ್ಪು, ನೀರು ಇದ್ದರೆ ಮಧ್ಯಾಹ್ನ ದಾಟಬಹುದು. ಡಿಸೆಂಬರಿನಲ್ಲೂ ನಮ್ಮ ಮಧ್ಯಾಹ್ನದ ಬಿಸಿಲು ಬಿಸಿಲೇ. ಹನ್ನೊಂದರೊಳಗೆ ದಿನದ ಹೆಚ್ಚಿನ ದಾರಿ ಮುಗಿದಿರಬೇಕು.

ಒಬ್ಬಂಟಿತನದ ಅಂಜಿಕೆಗೆ ಮಾತ್ರ ನಾನು ಬೇರೆ ಉತ್ತರ ಕೊಟ್ಟೆ. ಪ್ರೇರಿಯಲ್ಲಿ ಊರಿಂದ ಊರಿಗೆ ಬಹಳ ದೂರ. ನಮ್ಮಲ್ಲಿ ನಾಲ್ಕೈದು ಕಿಲೋಮೀಟರಿಗೆ ಒಂದು ಹಳ್ಳಿ, ನಡುವೆ ಹೊಲದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಸೈಕಲ್ ನಿಂತರೆ ಸಾಕು, “ಯಾವೂರವಾ? ಎಲ್ಲಿಗೆ ಹೊಂಟಿ? ಉಂಡಿಯೇನ?” ಅಂತ ಕೇಳುವ ದನಿ ಬರುತ್ತದೆ. ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಸಾವಿರಾರು ಜನರಿಗೆ ದಾರಿಯುದ್ದಕ್ಕೂ ಮಜ್ಜಿಗೆ, ಅನ್ನ, ಕಾಲಿಗೆ ಎಣ್ಣೆ ಕೊಡುವ ಜನ ಇವರೇ. ದೂರ ಹೋಗುವವರನ್ನು ಕಂಡರೆ ಈ ಸೀಮೆಗೆ ಮೊದಲಿನಿಂದಲೂ ಅಕ್ಕರೆ. ಎಳ್ಳ ಅಮಾವಾಸ್ಯೆಯ ದಿನ ದಾರಿಯಲ್ಲಿದ್ದರಂತೂ ಬುತ್ತಿಯೇ ಬೇಡ. ಚರಗ ಚೆಲ್ಲಿ ಹೊಲದಲ್ಲಿ ಪಂಕ್ತಿ ಕೂತವರು ಸಜ್ಜಿ ಕಡಬು, ಎಣ್ಣಿಗಾಯಿ, ಪುಂಡಿಪಲ್ಯ ಬಡಿಸದೆ ಮುಂದೆ ಬಿಡುವುದಿಲ್ಲ.

ಅಂದಮಾತ್ರಕ್ಕೆ ಎಚ್ಚರ ಬಿಡು ಅಂತಲ್ಲ. ರಾತ್ರಿ ಎಲ್ಲಿ ಉಳಿಯುವುದು ಅನ್ನುವುದು ಹೊರಡುವ ಮೊದಲೇ ನಿಶ್ಚಯವಾಗಿರಬೇಕು. ಸಂಜೆ ಐದಕ್ಕೆ ಆ ಊರಲ್ಲಿರಬೇಕು, ಮುಟ್ಟಿದ ಕೂಡಲೇ ಫೋನ್ ಬರಬೇಕು. ನಾಯಿ ಬೆನ್ನು ಹತ್ತಿದರೆ ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಡೆಯಬೇಕು. ಅದಕ್ಕೂ ಮೊದಲು ಇಲ್ಲಿಂದ ತಿಕೋಟಾಕ್ಕೆ, ಅಲ್ಲಿಂದ ಬಬಲೇಶ್ವರಕ್ಕೆ, ಸಾರವಾಡದ ಮೇಲೆ ಮನೆಗೆ ಸಾಮಾನು ಸಮೇತ ಒಂದು ಸುತ್ತು ಬರಬೇಕು. ಮಡ್ಡಿಯ ದ್ರಾಕ್ಷಿ ತೋಟಗಳಿಂದ ಡೋಣಿಯ ಎರಿ ಹೊಲಗಳವರೆಗೆ ನಮ್ಮ ಸೀಮೆಯ ಎರಡೂ ಮಣ್ಣು ಆ ಒಂದು ಸುತ್ತಿನಲ್ಲೇ ಸಿಗುತ್ತವೆ. ಅದರಲ್ಲಿ ಬೆನ್ನು, ಮಣಿಕಟ್ಟು ನೊಂದರೆ ಸೀಟು ಹ್ಯಾಂಡಲ್ ಸರಿಮಾಡಿಕೊಳ್ಳಬಹುದು.

ಕಾಕಾ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಒಂದು ಮಾತು ಅಂದರು. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. “ಗಾಳಿ, ಮುಳ್ಳು, ನಾಯಿ ಎಲ್ಲಾ ಖರೆ. ಕಬ್ಬಿನ ಟ್ರ್ಯಾಕ್ಟರ್ ಏನ್ ಮಾಡತಿ?”

ಸೈಕಲ್ಲಿಗೆ ಒಳ್ಳೆಯ ಕಾಲವೂ ಚಳಿಗಾಲ, ಕಬ್ಬು ನುರಿಸುವ ಕಾಲವೂ ಚಳಿಗಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎರಡೂ ಬದಿಗೆ ಕಬ್ಬು ಚಾಚಿಕೊಂಡು, ಹಿಂದೆ ದೀಪವೂ ಇಲ್ಲದೆ ಕೆಂಪು ಪಟ್ಟಿಯೂ ಇಲ್ಲದೆ ನಸುಕಿನಲ್ಲಿ ಹೋಗುವ ಟ್ರ್ಯಾಕ್ಟರುಗಳು ನಮ್ಮ ರಸ್ತೆಗಳಲ್ಲಿ ಎಷ್ಟು ಜೀವ ತೆಗೆದಿವೆ ಅನ್ನುವುದು ಎಲ್ಲರಿಗೂ ಗೊತ್ತು. ಮಂಜು ಮುಸುಕಿದ ಬೆಳಗಿನಲ್ಲಿ ಸೈಕಲ್ಲಿನವರಷ್ಟೇ ಅಲ್ಲ, ಬೈಕಿನವರೂ ಅದರ ಹಿಂಬದಿಗೆ ಹೋಗಿ ಬೀಳುತ್ತಾರೆ. ಹುಡುಗಿ ತನ್ನ ಸೈಕಲ್ಲಿಗೆ ಹಿಂದೆ ಮುಂದೆ ದೀಪ ಹಾಕಿಸಿದ್ದಾಳೆ, ಹೊಳೆಯುವ ಜಾಕೀಟು ತಂದಿದ್ದಾಳೆ. ಬೆಳಕು ಹರಿಯುವ ಮೊದಲು ರಸ್ತೆಗೆ ಇಳಿಯುವುದಿಲ್ಲ ಅಂತ ಅಜ್ಜನಿಗೆ ಮಾತು ಕೊಟ್ಟಿದ್ದಾಳೆ. ಅವಳ ಕೈಯಲ್ಲಿ ಇರುವುದು ಅಷ್ಟೇ. ಮಿಕ್ಕದ್ದು ನಮ್ಮ ಕೈಯಲ್ಲಿದೆ. ಕಬ್ಬು ಹೇರುವ ಅಣ್ಣಂದಿರೇ, ಟ್ರೇಲರಿನ ಮಾಲೀಕರೇ, ಹಿಂಬದಿಗೆ ಒಂದು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಕೆಟ್ಟ ದೀಪ ಈ ಹಂಗಾಮಿಗೆ ಮೊದಲೇ ಸರಿಮಾಡಿಸಿ. ಕಾರು ಲಾರಿ ಓಡಿಸುವವರು ಒಂಟಿ ಸೈಕಲ್ಲನ್ನು ದಾಟುವಾಗ ಒಂದು ಮಾರು ಜಾಗ ಬಿಡಿ.