ಕೆರೆಯ ಕೆಳಗೊಂದು ಊಟದ ಮನೆ

ಹೂವಿನ ಹಿಪ್ಪರಗಿಯಲ್ಲಿ ಬೇಸಿಗೆಯ ದಿನ ಯಾರಾದರೂ 'ನೀರು ಬಂತು!' ಎಂದು ಕೂಗಿದರೆ ಮನೆಮಂದಿಯೆಲ್ಲ ಕೊಡ ಹಿಡಿದು ಹೊರಗೆ ಓಡುತ್ತಾರೆ. ನಾನು ಕೂಗಿದಾಗಲೂ ಓಡಿದರು. ಆದರೆ ನನಗೆ ನೀರು ಬಂದದ್ದು ಲ್ಯಾಪ್‌ಟಾಪಿನೊಳಗೆ.

'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟ. ಟಾರ್ನ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಬಿಟ್ಟದ್ದು. ಗಡ್ಡದ ಕುಳ್ಳರಿಂದ ನೆಲ ಅಗೆಸಿ ಕೋಟೆ ಕಟ್ಟಿಸಬೇಕು. ಅವರಿಗೆ ಬೇಕಾದದ್ದು ಸಾರಾಯಿ. ನೀರು ಗತಿಗೆಟ್ಟಾಗ ಮಾತ್ರ. ನನ್ನ ಹಟ ಒಂದೇ, ಕೆರೆಯ ತಳದ ಕೆಳಗೆ ಅವರಿಗೊಂದು ಊಟದ ಮನೆ. ಬರದ ಸೀಮೆಯವನಿಗೆ ಇಷ್ಟೂ ಚಪಲ ಬೇಡವೇ?

ನೀರಿನ ಹತ್ತಿರ ಅಗೆದರೆ 'ತೇವದ ಕಲ್ಲು ಸಿಕ್ಕಿದೆ' ಎಂದು ಆಟ ಕೆಲಸ ನಿಲ್ಲಿಸುತ್ತದೆ. ನಮ್ಮಲ್ಲಿ ಬಾವಿ ತೋಡುವಾಗ ತೇವದ ಕಲ್ಲು ಸಿಕ್ಕರೆ ತೆಂಗಿನಕಾಯಿ ಒಡೆಯುತ್ತಾರೆ! ಅಂತೂ ಅಗೆಸಿ, ಪ್ರವಾಹ ತಡೆಯಲು ಗಟ್ಟಿ ಬಾಗಿಲು ಇಡಿಸಿದೆ. ನೀರು ನುಗ್ಗಿದ ಹೊತ್ತಿಗೆ ಸರಿಯಾಗಿ ಯಾವನೋ ಕುಳ್ಳನ ಕಾಲುಚೀಲ ಹೊಸ್ತಿಲ ಮೇಲೆ ಬಿದ್ದಿತ್ತು. ಸಾಮಾನು ಬಿದ್ದ ಬಾಗಿಲು ಆ ಆಟದಲ್ಲಿ ಮುಚ್ಚುವುದಿಲ್ಲ. ಬಡಿಸಿದ ಊಟ, ಪೀಪಾಯಿ, ಬೆಕ್ಕು ಎಲ್ಲ ತೇಲಿದವು.

"ಹೊಲದಾಗಿನ ಬೋರು ಬತ್ತೈತಿ, ನೀ ನೀರು ಹೆಚ್ಚಾತಂತ ಅಳಾಕತ್ತೀದಿ?" ಎಂದರು ಅಜ್ಜ.

ಆ ಆಟದ ನೀರಿಗೆ ಒತ್ತಡವೂ ಗೊತ್ತು. ಎತ್ತರದಿಂದ ಇಳಿದದ್ದು ಸಂದಿ ಸಿಕ್ಕಲ್ಲಿ ಮತ್ತೆ ಮೇಲೇರುತ್ತದೆ. ಕಾಲುವೆಯನ್ನು ಒಂದು ಕಡೆ ಮೂಲೆಗೆ ಮೂಲೆ ತಾಗುವಂತೆ ಓರೆಯಾಗಿ ತಿರುಗಿಸಿದರೆ ಅದರ ಸೊಕ್ಕು ಇಳಿಯುತ್ತದೆ. ಇದು ಕಂಪ್ಯೂಟರಿನವರ ಹೊಸ ಜಾಣತನ ಅಂದುಕೊಳ್ಳುವವರು ವಿಜಯಪುರದ ಗಂಜ್‌ಗಳನ್ನು ನೋಡಿಲ್ಲ. ಅಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಅಲ್ಲಿಂದ ಊರಿಗೆ ನೀರು ಹರಿದದ್ದು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ಒತ್ತಡಕ್ಕೆ ಅವು ಒಡೆಯಬಾರದೆಂದು ದಾರಿಯಲ್ಲಿ ಅಲ್ಲಲ್ಲಿ ಎಬ್ಬಿಸಿದ ಕಲ್ಲಿನ ಗೋಪುರಗಳೇ ಗಂಜ್. ನೀರು ಗೋಪುರದೊಳಗೆ ಏರಿ, ಹೂಳು ತಳಕ್ಕೆ ಬಿಟ್ಟು, ತಣ್ಣಗೆ ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಕಾಲುಚೀಲದ ಹಂಗಿಲ್ಲ.

ಸಿಂದಗಿ ದಾರಿಯ ಕುಮಟಗಿಯಲ್ಲಂತೂ ಸುಲ್ತಾನರು ನೀರಿನ ನಡುವೆಯೇ ಮಹಲು ಕಟ್ಟಿಸಿ, ಚಾವಣಿಯಿಂದ ತುಂತುರು ಬೀಳಿಸಿಕೊಂಡು ಬೇಸಿಗೆ ಕಳೆದರು. ಕೆರೆಯ ಕೆಳಗೆ ಹೋಗಿ ಕೂರುವ ಹುಚ್ಚು ಅವರಿಗಿರಲಿಲ್ಲ. ಅದಕ್ಕೇ ಅವರು ಸುಲ್ತಾನರು, ನಮ್ಮವರು ಕುಳ್ಳರು.

ಗೋಳಗುಮ್ಮಟದಲ್ಲಿ ಕೂ ಹಾಕಿ, ಪ್ರತಿಧ್ವನಿ ಎಣಿಸಿ, ನೇರ ಬಸ್ಸು ಹಿಡಿಯುವವರಲ್ಲಿ ಒಂದು ವಿನಂತಿ: ಮುಂದಿನ ಸಲ ಹೋದಾಗ ಯಾವುದಾದರೂ ಒಂದು ಗಂಜ್ ಮುಂದೆಯೂ ಎರಡು ನಿಮಿಷ ನಿಲ್ಲಿ. ಅದಕ್ಕೆ ಟಿಕೆಟ್ಟಿಲ್ಲ.