ಉಜ್ಜಿನಿ ಮೇಲೆ ನೋಡು

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ನಮ್ಮ ಸೀಮೆಯ ಮಾತು. ಮರುಳಸಿದ್ಧೇಶ್ವರ ಗುಡಿಯ ಒಳಗಿನ ಕೆತ್ತನೆ ಕಂಡವರು ಯಾರೂ ಇದಕ್ಕೆ ಎದುರಾಡುವುದಿಲ್ಲ. ಮೇಲೆ ನೋಡು ಅಂತ ಮಾತ್ರ ಯಾರೂ ಹೇಳಿಟ್ಟಿಲ್ಲ. ಜಾತ್ರೆಯಲ್ಲಿ ಜರಿಮಲೆಯ ಎಣ್ಣೆಯನ್ನು ಶಿಖರಕ್ಕೆ ಸುರಿಯುವಾಗ ಊರಿಗೆ ಊರೇ ಕತ್ತೆತ್ತುತ್ತದೆ, ನಿಜ. ಆದರೆ ನೋಟ ಕಳಸದ ತನಕ ಹೋಗಿ ನಿಂತುಬಿಡುತ್ತದೆ. ಅದರಾಚೆ ನೋಡುವ ಚಟ ನಮ್ಮ ಓಣಿಯಲ್ಲಿ ನನಗೊಬ್ಬನಿಗೇ ಅಂಟಿರುವುದು. ಅದೂ ನಸುಕಿನ ನಾಲ್ಕು ಗಂಟೆಗೆ, ತಾರಸಿಯ ಮೇಲೆ, ಕ್ಯಾಮೆರಾ ಸಮೇತ.

ಆ ಹೊತ್ತಿನಲ್ಲಿ ತಾರಸಿ ಹತ್ತಿದ ಗಂಡಸನ್ನು ಊರು ಸುಮ್ಮನೆ ಬಿಡುವುದಿಲ್ಲ. ಮೊದಲು ನಾಯಿಗಳು ವಿಚಾರಿಸಿಕೊಳ್ಳುತ್ತವೆ. ಆಮೇಲೆ ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು, ಮೆಕ್ಕೆಜೋಳಕ್ಕೆ ನೀರು ಹಾಯಿಸಿ ಬರುವವರ ಬ್ಯಾಟರಿ ಬೆಳಕು ಸೀದಾ ಮುಖಕ್ಕೆ ಬೀಳುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಕೆಡಲು ಒಂದು ಬ್ಯಾಟರಿ ಸಾಕು.

‘ಯಾವನಲೇ ಅವನು?’

‘ನಾನಣ್ಣ. ಗುರು-ಶುಕ್ರನ್ನ ನೋಡಾಕತ್ತೀನಿ.’

‘ಹಂಗಾ? ನಾ ಕಳ್ಳ ಅನ್ಕಂಡಿದ್ದೆ’ ಎನ್ನುವ ದನಿಯಲ್ಲಿ ಕಳ್ಳ ಸಿಗದೆ ಹೋದ ಬೇಜಾರು ಸ್ಪಷ್ಟವಾಗಿ ಕೇಳಿಸುತ್ತದೆ.

ಮೊಬೈಲಿನ ಆಕಾಶದ ಆ್ಯಪಿಗೂ ನನ್ನ ಮೇಲೆ ಅನುಮಾನ. ಊರು ಉಜ್ಜಿನಿ ಎಂದರೆ ಸಾಕು, ಎತ್ತಿ ಮಧ್ಯಪ್ರದೇಶಕ್ಕೆ ಒಗೆಯುತ್ತದೆ. ಅಲ್ಲಿಯದು ಮಹಾಕಾಲನ ಉಜ್ಜಯಿನಿ. ನಮ್ಮ ಹಳೆಯ ಜ್ಯೋತಿರ್ಗಣಿತದವರು ರೇಖಾಂಶದ ಸೊನ್ನೆ ಇಟ್ಟುಕೊಂಡ ಊರು, ರಾಜಾ ಜಯಸಿಂಹ ವೇಧಶಾಲೆ ಕಟ್ಟಿಸಿದ ಊರು. ಪಂಚಪೀಠಗಳಲ್ಲಿ ಒಂದೆನಿಸಿದ ನಮ್ಮ ಉಜ್ಜಿನಿಯೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ, ಅರ್ಧ ಡಿಗ್ರಿಯಷ್ಟು ಪೂರ್ವಕ್ಕೆ. ರೇಖಾಂಶದ ಲೆಕ್ಕ ಹಿಡಿದರೆ ಎರಡೇ ನಿಮಿಷದ ವ್ಯತ್ಯಾಸ. ವೇಧಶಾಲೆಯೊಂದು ಇಲ್ಲ, ನನ್ನ ತಾರಸಿ ಇದೆ.

2025ರ ಆಗಸ್ಟ್ 12, ಶ್ರಾವಣದ ಮಂಗಳವಾರ. ಪೂರ್ವದಲ್ಲಿ ಶುಕ್ರನೂ ಗುರುವೂ ಒಂದು ಡಿಗ್ರಿಯೊಳಗೆ ಬಂದು ನಿಲ್ಲುವ ಬೆಳಗು. ತೋಳು ಚಾಚಿ ಕಿರುಬೆರಳು ಎತ್ತಿದರೆ ಇಬ್ಬರೂ ಅದರ ಮರೆಗೆ. ಒಬ್ಬರು ದಾನವರ ಮೇಷ್ಟ್ರು, ಇನ್ನೊಬ್ಬರು ದೇವತೆಗಳ ಮೇಷ್ಟ್ರು. ಇಬ್ಬರು ಮೇಷ್ಟ್ರು ಜಗಳವಿಲ್ಲದೆ ಇಷ್ಟು ಹತ್ತಿರ ನಿಲ್ಲುವುದು ಅಪರೂಪವೇ. ನಿಲ್ಲುತ್ತಿದ್ದದ್ದೂ ನಮ್ಮ ಕಣ್ಣಿಗೆ ಮಾತ್ರ ಅನ್ನಿ. ಗುರು ಶುಕ್ರನಿಗಿಂತ ಸುಮಾರು ಐದು ಪಟ್ಟು ದೂರದಲ್ಲಿದ್ದ. ಅಂದೇ ಅಂಗಾರಕ ಸಂಕಷ್ಟಿ. ಊರವರು ಅಂಗಾರಕನ ಹೆಸರಲ್ಲಿ ಉಪವಾಸ ಹಿಡಿದಿದ್ದರೆ, ಅಂಗಾರಕ ಆ ತಿಂಗಳು ಸಂಜೆ ಪಾಳಿಯಲ್ಲಿದ್ದ.

ಎದುರುಮನೆಯ ಅಜ್ಜಿ ಅಂಗಳಕ್ಕೆ ನೀರು ಹಾಕಲು ಎದ್ದಿದ್ದರು.

‘ಏನ್ ನೋಡಾಕತ್ತೀಯೋ ತಮ್ಮಾ?’

‘ಗುರುನ್ನ, ಅಜ್ಜಿ.’

ಚೊಂಬು ಕೆಳಗಿಟ್ಟರು. ‘ಹಂಗಾದ್ರ ನಮ್ಮ ಮೊಮ್ಮಗಳಿಗೆ ಗುರುಬಲ ಬಂದೈತೋ ಇಲ್ಲೋ ಅದರಾಗ ನೋಡಿ ಹೇಳು.’

‘ಇದರಾಗ ಬಲ ಕಾಣಂಗಿಲ್ಲ ಅಜ್ಜಿ. ಗುರುವಿನ ಚಂದ್ರರು ಕಾಣ್ತಾರ, ನಾಕು ಜನ.’

‘ನಾಕು ತಗಂಡು ಏನ್ ಮಾಡ್ಲಿ? ಒಂದು ವರ ಕಂಡ್ರ ಸಾಕು.’

1610ರಲ್ಲಿ ಗೆಲಿಲಿಯೊ ಇದೇ ನಾಲ್ವರನ್ನು ಕಂಡು ಯುರೋಪನ್ನೇ ಅಲ್ಲಾಡಿಸಿದ, ಅಜ್ಜಿ ಅಲ್ಲಾಡಲಿಲ್ಲ. ಆದರೆ ಶುಕ್ರನ ಕಡೆ ಬೆರಳು ತೋರಿದಾಗ ಅವರೇ ನನಗೆ ಪಾಠ ಹೇಳಿದರು: ‘ಅದು ಬೆಳ್ಳಿ ಅಲ್ಲೇನೋ! ಅದು ಮೂಡಿದ ಕೂಡ್ಲೆ ಎದ್ದು ಜ್ವಾಳ ಬೀಸಾಕ ಕುಂದ್ರತಿದ್ವಿ. ಕೆಲವು ತಿಂಗಳು ಸಂಜಿಕ ಹೋಗಿಬಿಡ್ತಿತ್ತು. ಆವಾಗ ಕೋಳಿನೇ ಗತಿ.’ ಶುಕ್ರ ಬೆಳಗಿನ ಕೆಲಸ ಬಿಟ್ಟು ಸಂಜೆಗೆ ಹೋಗುವ ಸಂಗತಿಯನ್ನು ನಾನು ಪುಸ್ತಕದಿಂದ ಕಲಿತವನು. ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಕಲಿತಿದ್ದರು.

ಇನ್ನು ಫೋಟೊ. ಗುರುವಿನ ಚಂದ್ರರು ಮೂಡುವಷ್ಟು ಹೊತ್ತು ಶಟರ್ ತೆರೆದಿಟ್ಟರೆ ಗುರು ಉರಿದು ಬರೀ ಬಿಳಿ ಮಚ್ಚೆ. ಗುರುವನ್ನು ಉಳಿಸಿಕೊಂಡರೆ ಚಂದ್ರರು ಮಾಯ. 300 ಎಂಎಂ ಲೆನ್ಸಿನಲ್ಲಿ ಎರಡು ಸೆಕೆಂಡು ದಾಟಿತೋ, ಭೂಮಿ ತಾನು ತಿರುಗುತ್ತಿದ್ದೇನೆ ಎಂದು ಚುಕ್ಕಿಯನ್ನು ಗೆರೆ ಎಳೆದು ತೋರಿಸುತ್ತದೆ. ಬಟನ್ ಒತ್ತುವ ಬೆರಳೂ ಶತ್ರುವೇ. ಟೈಮರ್ ಹಾಕಿ ದೂರ ನಿಲ್ಲಬೇಕು. ಪತ್ರಿಕೆಗಳಲ್ಲಿ ಬರುವ ಪಟ್ಟೆಪಟ್ಟೆ ಗುರು ಒಂದೇ ಫೋಟೊ ಅಲ್ಲ. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ವಿಡಿಯೊ ತೆಗೆದು, ಸಾವಿರಾರು ಚೌಕಟ್ಟುಗಳಲ್ಲಿ ನಡುಗದ ಕೆಲವನ್ನು ಆರಿಸಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದ ಫಲ. ನಡುಗುವುದು ಗ್ರಹವಲ್ಲ, ನಮ್ಮ ಗಾಳಿ. ಆರ್‌ಸಿಸಿ ತಾರಸಿ ಹಗಲು ಕುಡಿದ ಬಿಸಿಲನ್ನು ರಾತ್ರಿಯಿಡೀ ಕಕ್ಕುತ್ತಿರುತ್ತದೆ. ನಸುಕಿಗೆ ಅದಕ್ಕೂ ಸುಸ್ತಾಗಿ ಗಾಳಿ ತುಸು ತೆಪ್ಪಗಾಗುತ್ತದೆ. ಈ ಹೊತ್ತಿಗೆ ಏಳುವುದು ಅದಕ್ಕೇ. ಎದ್ದರೆ ಮೋಡ. ಬಿತ್ತಿ ಕೂತವರಿಗೆ ಒಂದು ಹನಿ ಕೊಡದ ಮೋಡ, ಗುರು ಮೂಡುವ ದಿಕ್ಕಿಗೆ ತಪ್ಪದೆ ಹಾಜರು.

ದೊಡ್ಡವರ ಕಥೆ ಬೇರೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರಿನ ಟೆಲಿಸ್ಕೋಪಿದೆ. ಅದನ್ನು ಉಪಗ್ರಹದ ಮೂಲಕ ತಿರುಗಿಸುವವರು ಕೂತಿರುವುದು ನಮ್ಮ ಹೊಸಕೋಟೆಯಲ್ಲಿ. ಅದೇ ಹೊಸಕೋಟೆಯಲ್ಲಿ ಅದೇ ನಾಲ್ಕು ಗಂಟೆಗೆ ದಮ್ ಬಿರಿಯಾನಿಗೂ ಜನ ಸಾಲು ನಿಲ್ಲುತ್ತಾರೆ. ನಮ್ಮಲ್ಲಿ ಒಗ್ಗರಣಿ-ಮಿರ್ಚಿಯಾದರೂ ಬೇಕೆಂದರೆ ಹೊತ್ತು ಏರಬೇಕು.

ನನ್ನ ದೂರು ಶನಿಯ ವಿಷಯದಲ್ಲಿ. ಆ ವರ್ಷ ಮಾರ್ಚ್ ಕೊನೆಗೆ ಶನಿ ಮೀನಕ್ಕೆ ಕಾಲಿಟ್ಟಾಗ ಕುಂಭ, ಮೀನ, ಮೇಷದವರಿಗೆಲ್ಲ ಸಾಡೇಸಾತಿ ಎಂದು ಊರು ತುಂಬಾ ಎಳ್ಳೆಣ್ಣೆ ದೀಪ. ಆ ದೀಪ ಹಚ್ಚಿದವರಲ್ಲಿ ಒಬ್ಬರಾದರೂ ಅವನ ಮುಖ ನೋಡಿದ್ದರೆ ಕೇಳಿ! ಆಗಸ್ಟಿನ ಆ ಬೆಳಗ್ಗೆ ಅವನು ಚಂದ್ರನ ಆಸುಪಾಸಿನಲ್ಲೇ, ನೆತ್ತಿಯಿಂದ ಪಡುವಣಕ್ಕೆ ವಾಲಿಕೊಂಡು, ತನ್ನ ಪಾಡಿಗೆ ತಾನಿದ್ದ. ಮಾರ್ಚಿನಲ್ಲಿ ಉಂಗುರದ ಅಂಚು ನಮ್ಮ ಕಡೆ ತಿರುಗಿತ್ತಾದ್ದರಿಂದ, ಕಡ ತಂದ ಸಣ್ಣ ಟೆಲಿಸ್ಕೋಪಿನಲ್ಲಿ ಶೇಂಗಾ ಕಾಳಿಗೆ ಸೂಜಿ ಚುಚ್ಚಿದಂತೆ ಕಾಣುತ್ತಿದ್ದ. ನೀರು ಹಾಯಿಸಿ ಬಂದ ಆ ಅಣ್ಣನನ್ನೇ ಮೇಲೆ ಕರೆದು ತೋರಿಸಿದೆ. ಬಹಳ ಹೊತ್ತು ಇಣುಕಿ, ‘ಇಷ್ಟೇ ಅದಾನಲ್ಲೋ!’ ಎಂದ. ಏಳು ವರ್ಷ ಹೆದರಿದ್ದಕ್ಕೆ ಪರಿಹಾರ ಕೇಳುವವನ ಹಾಗಿತ್ತು ಮಾತು.

ಬೆಳಗಿನ ಜಾವ ಏಳಲಾರದವರಿಗೂ ದಾರಿ ಇದೆ. 2026ರ ಜೂನ್ 9ರಂದು ಗುರು-ಶುಕ್ರ ಮತ್ತೆ ಒಂದೂವರೆ ಡಿಗ್ರಿಯಷ್ಟು ಹತ್ತಿರ ಬರುತ್ತಾರೆ. ಈ ಸಲ ಸಂಜೆ, ಹೊತ್ತು ಮುಳುಗಿದ ಮೇಲೆ, ಪಡುವಣದಲ್ಲಿ. ಟೆಲಿಸ್ಕೋಪು ಬೇಡ, ಪಂಚಾಂಗವೂ ಬೇಡ. ಧಾರಾವಾಹಿಯ ನಡುವೆ ಜಾಹೀರಾತು ಬರುತ್ತದಲ್ಲ, ಅಷ್ಟರಲ್ಲಿ ಹೊರಗೆ ಬಂದು ನೋಡಿ ಹೋಗಿ. ಬರುವಾಗ ದಯವಿಟ್ಟು ಬ್ಯಾಟರಿ ತರಬೇಡಿ.