ಅಟ್ಟದ ಮೇಲಿನ ಕುದುರೆ

ಅರಸೀಕೆರೆಯ ನಮ್ಮ ಯಜಮಾನ್ರ ಜೊತೆ ಆನ್‌ಲೈನ್ ಚೆಸ್ ಆಡುವವರಿಗೆ ಆಟ ಅಷ್ಟಕ್ಕಷ್ಟೇ ಬಂದರೂ ನಡೆದೀತು, ಆಯಸ್ಸು ಮಾತ್ರ ಗಟ್ಟಿಯಿರಬೇಕು. ನಾವು ಆಡುವುದು ಗಡಿಯಾರ ಕುಟ್ಟುವ ಚೆಸ್ ಅಲ್ಲ, ನಿಧಾನದ್ದು. ಒಂದು ನಡೆಗೆ ಮೂರು ದಿನ. ನಿಮ್ಮ ಪಾಡಿಗೆ ನೀವು ಹೊಲ ಮನೆ ನೋಡಿಕೊಂಡು, ಮೂರು ದಿನದೊಳಗೆ ಯಾವಾಗಲಾದರೂ ಮೊಬೈಲ್ ತೆಗೆದು ಒಂದು ಕಾಯಿ ಸರಿಸಿದರಾಯಿತು. ಸರಿಸದಿದ್ದರೆ ಆ್ಯಪ್ ಎದುರಾಳಿಗೆ ಗೆಲುವು ಬರೆದು ಪುಸ್ತಕ ಮುಚ್ಚುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಎಂಟು ಜನ ಹೀಗೆ ಟೂರ್ನಿ ಕಟ್ಟಿಕೊಂಡಿದ್ದೇವೆ. ಏಳು ಜನಕ್ಕೆ ಮೂರು ದಿನ ಧಾರಾಳ.

ಯಜಮಾನ್ರಿಗೆ ಇಪ್ಪತ್ತೈದು ಎಕರೆ ತೆಂಗು, ಅದಕ್ಕೆ ತಕ್ಕ ಅಟ್ಟ. ಬಿಳಿ ಪಂಚೆ, ಹೆಗಲಿಗೆ ಟವೆಲ್, ಟವೆಲಿನ ತುದಿಯಲ್ಲಿ ಸುತ್ತಿಟ್ಟ ಮೊಬೈಲ್. ಅದರ ಮೇಲಿನ ಗಾಜು ಒಂದು ಮೂಲೆಯಲ್ಲಿ ಒಡೆದಿದೆ. ನೆಟ್ಟಗಿರುವ ಕಡೆ ಚೆಸ್ ಆ್ಯಪಿನ ಗುರುತು, ಅದರ ನೆತ್ತಿಯ ಮೇಲೆ ಕೆಂಪು ಚುಕ್ಕೆಯಲ್ಲಿ 31. ಮೂವತ್ತೊಂದು ಕಡೆ ಜನ ಇವರ ನಡೆಗೆ ಕಾದು ಕೂತಿದ್ದಾರೆ ಅಂತ ಅರ್ಥ. ಮನೆಗೆ ಬಂದವರನ್ನು ಎಳನೀರು ಕೊಡದೆ ಕಳಿಸಿದವರಲ್ಲ, ಆಟಕ್ಕೆ ಕರೆದವರಿಗೆ ಇಲ್ಲ ಅಂದವರೂ ಅಲ್ಲ. ಬ್ರೆಜಿಲಿನವನೊಬ್ಬ ಕರೆದರೂ "ಬಾರಪ್ಪ" ಅಂದರು. ಪಾಪ, ಅವನು ಅಲ್ಲಿ ಕೂತಿದ್ದಾನೆ.

ಸೋಲುವಾಗ ನಾಪತ್ತೆಯಾಗುವ ಜಾತಿ ಬೇರೆ. ಅಂಥವರು ಎಲ್ಲ ಊರಲ್ಲೂ ಉಂಟು. ಮಂತ್ರಿ ಹೋದ ಮರುಗಳಿಗೆಯೇ ಅವರ ಮನೆಯಲ್ಲಿ ಮದುವೆ, ತಿಥಿ, ನೆಟ್‌ವರ್ಕ್ ತೊಂದರೆ ಎಲ್ಲ ಒಟ್ಟಿಗೆ ಬರುತ್ತವೆ. ಯಜಮಾನ್ರು ಸೋಲುವ ಆಟವನ್ನು ಪಟಪಟ ಆಡಿ ಮುಗಿಸುತ್ತಾರೆ. ಅವರು ನಿಲ್ಲುವುದು ಗೆಲ್ಲುವಾಗ. ಎದುರಾಳಿಯ ಆನೆ ಹೊಡೆದು, ಇನ್ನು ನಾಲ್ಕು ನಡೆಗೆ ರಾಜ ಸಿಕ್ಕಿಬೀಳುತ್ತಾನೆ ಅನ್ನುವಾಗ ಮೊಬೈಲನ್ನು ಟವೆಲಿಗೆ ಸುತ್ತುತ್ತಾರೆ. ಫೋನ್ ಮಾಡಿದರೆ ಒಂದೇ ಉತ್ತರ: "ಕುದುರೆ ಅಲ್ಲೇ ಇರ್ಲಿ ಬಿಡಿ, ಎಲ್ಲಿಗೆ ಓಡೋಗ್ತದೆ?"

ಇದು ಕೊಬ್ಬರಿ ಕಲಿಸಿದ ಬುದ್ಧಿ. ನಮ್ಮ ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರವಿ ಒಣಗಿಸುವಂಥದ್ದಲ್ಲ. ಕಾಯಿ ಇಡಿಯಾಗಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. "ಆತುರಪಟ್ಟು ಒಡೆದ್ರೆ ಚಟ್ನಿ, ತಡ್ಕೊಂಡ್ರೆ ಕೊಬ್ಬರಿ" ಎಂಬುದು ಯಜಮಾನ್ರ ಚೆಸ್ ಸಿದ್ಧಾಂತ. 2024ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇದ್ದಾಗ ಅಕ್ಕಪಕ್ಕದವರು ಅಟ್ಟ ಖಾಲಿ ಮಾಡಿದರು. ಯಜಮಾನ್ರು ಅಲ್ಲಾಡಲಿಲ್ಲ. 2025ರ ನಡುವಿಗೆ ಮಾರುಕಟ್ಟೆ ದರ 25,000 ದಾಟಿತು. ಆಮೇಲೆ ಆ ಮನುಷ್ಯನಿಗೆ ಬೇಗ ಆಡಿ ಅಂತ ಹೇಳುವ ಬಾಯಿ ಯಾರಿಗಿದೆ?

ಬೇಲೂರಿನ ಗೈಡ್ ಒಬ್ಬರು ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಪ್ರವಾಸಿಗರಿಗೆ ದರ್ಪಣಸುಂದರಿಯನ್ನು ತೋರಿಸಿ, ಅವರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಹೊತ್ತಿನಲ್ಲಿ ಎರಡು ಆಟದ ನಡೆ ಮುಗಿಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿ ಜನ ಮುಗಿಬಿದ್ದಾಗಲೂ ಅವರ ಒಂದು ನಡೆ ತಪ್ಪಲಿಲ್ಲ. ಅವರು ಯಜಮಾನ್ರನ್ನು ದಬಾಯಿಸಿದ್ದುಂಟು. ಬಂದ ಉತ್ತರ: "ನಿಮ್ಮೂರ ಗುಡಿ ಕಟ್ಟೋಕೆ ನೂರಾ ಮೂರು ವರ್ಷ ಹಿಡೀತು ಅಂತ ದಿನಾ ಜನಕ್ಕೆ ಹೇಳ್ತೀರಿ. ನನ್ನ ಒಂದು ಕುದುರೆಗೆ ಒಂದು ವಾರ ತಡ್ಕೊಳ್ಳೋಕೆ ಆಗಲ್ವಾ?" ಹಳೇಬೀಡಿನ ಮೇಷ್ಟ್ರು ಗ್ರೂಪಿನಲ್ಲೇ ತಿರುಗೇಟು ಕೊಟ್ಟರು: "ನಮ್ಮೂರ ಗುಡಿಗೆ ಶಿಖರಾನೇ ಇಲ್ಲ ಯಜಮಾನ್ರೇ. ಆ ಕೆಲಸ ನಿಮ್ಮ ಹಿರೀಕರಿಗೆ ಒಪ್ಪಿಸಿದ್ರೋ ಏನೋ."

ಟೂರ್ನಿ ನಡೆಸುವ ಹೊಣೆ ಅರಸೀಕೆರೆ ಜಂಕ್ಷನ್ನಿನ ರೈಲ್ವೆ ನೌಕರರೊಬ್ಬರದು. ಟೈಮಿನ ವಿಷಯ ಅಂತ ನಂಬಿ ಕೊಟ್ಟಿದ್ದೆವು. ಅವರು ಖಡಕ್ಕಾಗಿ ಎಚ್ಚರಿಸಿದರೆ ಯಜಮಾನ್ರು ಮೆತ್ತಗೆ ಕೇಳಿದರು: "ಸ್ವಾಮಿ, ನಿಮ್ಮ ರೈಲು ಮೂರು ಗಂಟೆ ತಡವಾದ್ರೆ ಪ್ಲಾಟ್‌ಫಾರಮ್ಮಲ್ಲಿ ಕೂತೋರಿಗೆ ಗೆಲುವು ಬರೀತೀರಾ?" ಆಮೇಲೆ ಎಚ್ಚರಿಕೆಯ ಕೆಲಸ ನನ್ನ ಪಾಲಿಗೆ ಬಂತು.

ಅಂಚೆ ಚೆಸ್‌ನ ಕಾಲ ತಪ್ಪಿತಲ್ಲ ಅಂತ ಯಜಮಾನ್ರಿಗೆ ಕೊರಗು. ಆಗ ಹತ್ತು ನಡೆಗೆ ಮೂವತ್ತು ದಿನ. ಕಾರ್ಡು ದಾರಿಯಲ್ಲಿ ಕಳೆದ ದಿನ ಲೆಕ್ಕಕ್ಕಿಲ್ಲ. ಭಾಷೆಯ ತೊಡಕು ಬೇಡವೆಂದು ನಡೆಯನ್ನು ಅಂಕಿಯಲ್ಲಿ ಬರೆಯುತ್ತಿದ್ದರು, ರಾಜನ ಮುಂದಿನ ಕಾಲಾಳು ಎರಡು ಮನೆ ದಾಟಿದರೆ 5254. ಸುಮ್ಮನೆ ಕೂತವನ ತಪ್ಪನ್ನು ಅಂಚೆಯಣ್ಣನ ತಲೆಗೆ ಕಟ್ಟಬಹುದಿತ್ತು. ಆದರೂ 1951ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದವರು ಈ ಜಾತಿಯನ್ನು ಚೆನ್ನಾಗಿ ಬಲ್ಲರು. ಹೇಳದೆ ಕೇಳದೆ ಆಟ ಬಿಟ್ಟವನಿಗೆ ಅವರಲ್ಲಿ ಬೇರೆಯೇ ಕಲಮು ಇದೆ.

ನನಗೆ ಯಜಮಾನ್ರಿಗಿಂತ ಸೋಜಿಗವೆನಿಸಿದ್ದು ಉಳಿದ ನಾವೆಲ್ಲ. ಹಳೇಬೀಡಿನ ಮೇಷ್ಟ್ರು ಎರಡು ಕಾಲಾಳು ಮುಂದಿದ್ದಾಗ ಬೆಳಿಗ್ಗೆ ಸಂಜೆ ಯಜಮಾನ್ರಿಗೆ ಮೆಸೇಜು ಹಾಕಿದರು, "ಟೈಮ್ ಆಗ್ತಿದೆ, ಆಟದ ಗೌರವ ಉಳಿಸಿ" ಅಂತ. ಅದೇ ಆಟದಲ್ಲಿ ಆನೆ ಕಳೆದುಕೊಂಡ ಮೇಲೆ ಮೇಷ್ಟ್ರ ಮೊಬೈಲು ಮೌನ ಹಿಡಿಯಿತು. ಮೂರನೇ ದಿನ ಗಡುವಿಗೆ ನಾಲ್ಕು ಗಂಟೆ ಇದ್ದಾಗ ನಾನು ನೆನಪಿಸಲು ಹೊರಟರೆ ಅವರೇ ಫೋನ್ ಮಾಡಿದರು: "ಪಾಪ, ಯಾಕ್ ತೊಂದ್ರೆ ಕೊಡ್ತೀರಿ? ತೋಟದಲ್ಲಿ ಕೆಲಸ ಇರ್ತದೆ ಅವರಿಗೆ." ಟೈಮ್‌ಔಟ್ ಎಂಬ ರೋಗಕ್ಕೆ ಮದ್ದು ಎಲ್ಲರಿಗೂ ಬೇಕು, ಪಕ್ಕದವನ ಆಟದಲ್ಲಿ.

ಜಗಳ ಎದ್ದದ್ದು ಲೆಕ್ಕ ಹಾಕುವಾಗ. ಏಳು ಆಟದಲ್ಲಿ ಯಜಮಾನ್ರು ಮೂರು ಮುಗಿಸಿದ್ದರು: ಎರಡು ಗೆಲುವು, ಒಂದು ಮೇಷ್ಟ್ರಿಗೆ ಟೈಮಿನಲ್ಲಿ ಒಪ್ಪಿಸಿದ್ದು. ಉಳಿದ ನಾಲ್ಕು ಅಟ್ಟದ ಮೇಲೆ. ಅವರನ್ನು ಕೈಬಿಟ್ಟರೆ ಮುಗಿದ ಆಟಗಳ ಗತಿಯೇನು? ಎಲ್ಲರೂ ಎಲ್ಲರೊಡನೆ ಆಡುವ ಟೂರ್ನಿಗೆ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯವರ ಪದ್ಧತಿ ಹೀಗಿದೆ: ಅರ್ಧಕ್ಕಿಂತ ಕಡಿಮೆ ಆಟ ಮುಗಿಸಿ ಹೊರಬಿದ್ದವನ ಫಲಿತಾಂಶ ಪಟ್ಟಿಯಲ್ಲಿ ಉಳಿಯುತ್ತದೆ, ಆದರೆ ಸ್ಥಾನ ನಿರ್ಧರಿಸುವಾಗ ಆ ಅಂಕಗಳನ್ನು ಎಣಿಸುವುದಿಲ್ಲ. ಯಜಮಾನ್ರಿಗೆ ಸೋತಿದ್ದ ಬೇಲೂರಿನ ಗೈಡ್ ಈ ನಿಯಮವನ್ನು ಗ್ರೂಪಿನಲ್ಲಿ ಮೂರು ಸಲ ಹಾಕಿದರು. ಮೇಷ್ಟ್ರು ಮಾತ್ರ, ಫಿಡೆ ನಿಯಮ ದೊಡ್ಡ ದೊಡ್ಡವರಿಗೆ, ಹಳ್ಳಿಯ ಟೂರ್ನಿಗೆ ಮನಸ್ಸಾಕ್ಷಿ ಸಾಕು ಅಂದರು. ಆನೆ ಕಳೆದುಕೊಂಡ ಮೇಲೂ ಸಿಕ್ಕಿದ ಒಂದು ಅಂಕದ ಮೇಲೆ ಅವರ ಮನಸ್ಸಾಕ್ಷಿ ಕೂತಿತ್ತು.

ಕಡೆಗೆ ರೈಲ್ವೆಯವರು ಹೊಸ ಕಲಮು ಬರೆದರು: ಎರಡು ಆಟದಲ್ಲಿ ಟೈಮ್ ಕಳೆದುಕೊಂಡವರಿಗೆ ಮುಂದಿನ ಟೂರ್ನಿಯಿಲ್ಲ, ಒಂದೇ ಸಲಕ್ಕೆ ನಾಲ್ಕಕ್ಕಿಂತ ಹೆಚ್ಚು ಆಟ ಹಿಡಿಯುವಂತಿಲ್ಲ, ಊರಿಗೆ ಹೋಗುವವರು ಮೊದಲೇ ರಜೆ ಹೇಳಬೇಕು. ಒಳ್ಳೆಯ ಕಲಮೇ. ಆದರೆ ಟೂರ್ನಿಯ ನಡುವೆ ನಿಯಮ ಬದಲಿಸಲು ಎಂಟೂ ಜನ ಒಪ್ಪಬೇಕೆಂದು ಶುರುವಿನಲ್ಲಿ ಅವರೇ ಬರೆದಿದ್ದರು. ಏಳು ಹೆಬ್ಬೆಟ್ಟು ಅರ್ಧ ಗಂಟೆಯಲ್ಲಿ ಬಿತ್ತು. ಯಜಮಾನ್ರು ಓದಿದ್ದಾರೆ, ಎರಡು ನೀಲಿ ಗೆರೆ ಕಾಣುತ್ತಿದೆ. ಮರುದಿನ ಉತ್ತರವೂ ಬಂತು: "ವಿಚಾರ ಬಹಳ ಚೆನ್ನಾಗಿದೆ. ನೋಡಿ ಹೇಳ್ತೀನಿ."